ಮುಖವಿಲ್ಲದ ಟೀಚರ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಕನ್ನಡಕದಂಗಡಿಯವಳಲ್ವಾ, ಮೂಗಿನ ಮೇಲೆ ಏನಾದ್ರೂ ಒಂದು ಇರ್ಲೇಬೇಕು" ಎಂದು ನಮ್ಮವರು ಗಿರಾಕಿಗಳ ಎದುರೇ ಛೇಡಿಸುತ್ತಾರೆ. ಛೇಡಿಸಲಿ. ಹದಿಮೂರು ವರ್ಷದಿಂದ ಒಂದೇ ಕೌಂಟರಿನ ಹಿಂದೆ ಕೂತಿದ್ದೇವೆ. ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿ ಅವರು ಲೆನ್ಸ್ ಉಜ್ಜುತ್ತಾರೆ, ನಾನು ಅದನ್ನು ಫ್ರೇಮಿಗೆ ಕೂರಿಸಿ, ಗಿರಾಕಿಯ ಕಿವಿಗೆ ಒಪ್ಪುವಂತೆ ಕಡ್ಡಿ ಬಗ್ಗಿಸಿ ಕೊಡುತ್ತೇನೆ. ನಾವಿಬ್ಬರೂ ಜಗಳವಾಡಲಿಲ್ಲವೆಂದರೆ ಅಂದು ಅಂಗಡಿಗೆ ರಜ ಎಂದು ತಿಳಿಯಬೇಕು. ಆದರೆ ಅವೆಲ್ಲ ಸಂಜೆ ಶಟರ್ ಎಳೆಯುವ ಹೊತ್ತಿಗೆ ಮುಗಿಯುವ ಜಗಳಗಳು. ಒಂದು ಮಾತ್ರ ಮೂರು ವಾರ ನಡೆಯಿತು, ಅದನ್ನೇ ಹೇಳಹೊರಟಿದ್ದೇನೆ.

ವಿಷಯ ಇಷ್ಟೇ. ಮಗಳನ್ನು ಈ ವರ್ಷ ಶಿಶುವಿಹಾರಕ್ಕೆ ಕಳಿಸುವುದೋ, ಇನ್ನೊಂದು ವರ್ಷ ನಮ್ಮ ಹತ್ತಿರವೇ ಇಟ್ಟುಕೊಳ್ಳುವುದೋ. ಶಾಲೆಯವರು ವಯಸ್ಸಿಗೊಂದು ಕಡೇ ದಿನ ಗೊತ್ತು ಮಾಡಿರುತ್ತಾರಲ್ಲ, ಅದಕ್ಕೆ ಸರಿಯಾಗಿ ಹನ್ನೊಂದು ದಿನ ಮೊದಲು ಅವಳಿಗೆ ನಾಲ್ಕು ತುಂಬಿತ್ತು. ಇನ್ನೊಂದು ಹನ್ನೆರಡು ದಿನ ನನ್ನ ಹೊಟ್ಟೆಯಲ್ಲೇ ಮಲಗಿದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅವಸರದ ಮಟ್ಟಿಗೆ ಅವಳು ಅಪ್ಪನ ಮಗಳಲ್ಲ, ನನ್ನ ಮಗಳು.

ಮನೆಯಲ್ಲಿ ಅವಳ ಹೆಸರು ಇಲಿಮರಿ. ಕೈಗೆ ಏನೇ ಸಿಕ್ಕಲಿ, ಬಿಸ್ಕತ್ತಿರಲಿ, ಬೊಂಬೆಯಿರಲಿ, ಪುಸ್ತಕವಿರಲಿ, ಮೂಗಿನ ಹತ್ತಿರ ತಂದು ಮೂಸಿ ನೋಡಿದ ಮೇಲೇ ಮುಂದಿನ ಮಾತು. "ಥೇಟ್ ಇಲಿಮರಿ ಕಣೇ" ಎಂದು ಹೆಸರಿಟ್ಟವರು ಅವರಪ್ಪನೇ. ಇಡೀ ದಿನ ಕೌಂಟರಿನ ಕೆಳಗೆ ಅವಳ ಸಂಸಾರ. ಫ್ರೇಮಿಗೆ ಹಾಕುವ ಸ್ಕ್ರೂಗಳಿವೆಯಲ್ಲ, ಸಾಸಿವೆ ಕಾಳಿಗಿಂತ ಚಿಕ್ಕವು, ಅವನ್ನು ಅಳತೆ ಪ್ರಕಾರ ಡಬ್ಬಿಗಳಿಗೆ ಬೇರ್ಪಡಿಸುತ್ತಾಳೆ. ಒಂದೂ ತಪ್ಪುವುದಿಲ್ಲ. ನಾನೇ ಎಷ್ಟೋ ಸಲ ತಪ್ಪಿದ್ದೇನೆ.

ಕಣ್ಣಿನ ಬಗ್ಗೆಯಂತೂ ಅವಳಪ್ಪನಿಗೆ ಎಲ್ಲಿಲ್ಲದ ಹೆಮ್ಮೆ. ಅಂಗಡಿಯ ಹಿಂಗೋಡೆಯಲ್ಲಿ ಚಿತ್ರಗಳ ಚಾರ್ಟೊಂದು ತೂಗುತ್ತದೆ. ಹೊಸ ಕನ್ನಡಕ ಹಾಕಿಕೊಂಡ ಮಕ್ಕಳನ್ನು ಇತ್ತ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿ ಅದನ್ನು ಓದಿಸುತ್ತೇವೆ. ಮೇಲೆ ದೊಡ್ಡದಾಗಿ ಮನೆ, ಆಮೇಲೆ ಕೊಡೆ, ಬಾತು, ಹೀಗೆ ಸಾಲು ಸಾಲಾಗಿ ಚಿಕ್ಕದಾಗುತ್ತ ಹೋಗುವ ಚಿತ್ರಗಳು. ಪ್ರತಿ ಹುಟ್ಟುಹಬ್ಬಕ್ಕೆ ಇವರು ಮಗಳನ್ನೂ ಅಲ್ಲಿ ಕೂರಿಸುತ್ತಿದ್ದರು. ಅವಳು ಒಂದು ಕಣ್ಣು ಮುಚ್ಚಿಕೊಂಡು "ಮನೆ. ಕೊಡೆ, ಬಾತು. ಲೋಟ, ಚಂದ್ರ, ಮೀನು" ಎಂದು ಶುರುಮಾಡಿದರೆ ಕಡೆಯ ಸಾಲಿನ ಕಡೆಯ ಕುದುರೆಯವರೆಗೆ ಎಲ್ಲೂ ನಿಲ್ಲುತ್ತಿರಲಿಲ್ಲ. "ಹದ್ದಿನ ಕಣ್ಣು!" ಎಂದು ಇವರು ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಇನ್ನು ಶಾಲೆಗೆ ಬರೋಣ. ಮಕ್ಕಳಿಗೆ ಶಾಲೆ ತೋರಿಸುವ ದಿನ ಎಂದು ಒಂದು ಬೆಳಿಗ್ಗೆ ಕರೆದಿದ್ದರು, ಮೂವರೂ ಹೋಗಿದ್ದೆವು. ದೊಡ್ಡ ಹಾಲ್, ಮರದ ನೆಲ, ಗೋಡೆಯ ಉದ್ದಕ್ಕೂ ಪುಟ್ಟ ಕುರ್ಚಿಗಳು. ಆ ತುದಿಯಲ್ಲಿ ಹಳದಿ ಅಂಗಿಯ ಟೀಚರ್ ನಿಂತು ಎರಡೂ ಕೈ ಚಾಚಿ "ಬನ್ನಿ ಬನ್ನಿ" ಎಂದು ಕರೆದರು. ಇಪ್ಪತ್ತು ಮಕ್ಕಳು ಓಡಿದವು. ನಮ್ಮದೊಂದು ನನ್ನ ಕೋಟಿನ ಚುಂಗು ಹಿಡಿದು ಬೇರು ಬಿಟ್ಟಂತೆ ನಿಂತುಬಿಟ್ಟಿತು. ಟೀಚರ್ ಅಲ್ಲಿಂದಲೇ ಒಂದು ಚಿತ್ರ ಎತ್ತಿ ತೋರಿಸಿ ಇದೇನು ಎಂದರು. "ಆನೆ!" ಎಂದು ಇಡೀ ಹಾಲ್ ಕೂಗಿತು. ಇವಳು ನೆಲ ನೋಡುತ್ತಿದ್ದಳು. ಒಬ್ಬ ಹುಡುಗ ಚೆಂಡೆಸೆದ. ಅದು ಎದೆಗೆ ಬಡಿದ ಮೇಲೇ ಇವಳಿಗೆ ಎಚ್ಚರ, ಎಚ್ಚರವಾದದ್ದೇ ಅಳು. ಅಕ್ಕಪಕ್ಕದ ತಾಯಂದಿರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಆ ನೋಟ ಇದೆಯಲ್ಲ, ಅದಕ್ಕಿಂತ ಎರಡು ಏಟು ಹಾಕಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಬಾಗಿಲಲ್ಲಿ ಒಂದು ಅರ್ಜಿ ಕೊಟ್ಟರು. ಎರಡು ಚೌಕ. ಒಂದರ ಮುಂದೆ 'ಈ ವರ್ಷ', ಇನ್ನೊಂದರ ಮುಂದೆ 'ಮುಂದಿನ ವರ್ಷ'. "ಯಾವುದಾದ್ರೂ ತೊಂದ್ರೆ ಇಲ್ಲ, ನೀವೇ ಯೋಚನೆ ಮಾಡಿ ಗುರುತು ಹಾಕಿ. ಮೂರು ವಾರ ಟೈಮಿದೆ, ಮೂರನೇ ಶುಕ್ರವಾರ ಕೊನೆ" ಎಂದರು.

ಮನೆಗೆ ಬರುವ ದಾರಿಯಲ್ಲಿ ಇಲಿಮರಿ ಮೆಲ್ಲಗೆ ಅಂದಳು, "ಆ ಟೀಚರ್‌ಗೆ ಮುಖ ಇಲ್ಲ."

"ಏನಂದೆ?"

"ಮುಖ ಇಲ್ಲ. ಬರೀ ಹಳದಿ ಅಂಗಿ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಂದೇ ಶುರುವಾಯಿತು. "ಕೇಳಿದ್ಯಾ? ಹೆದರಿ ಏನೇನೋ ಕಲ್ಪಿಸ್ಕೊಳ್ತಿದೆ ಮಗು. ಇನ್ನೊಂದು ವರ್ಷ ಬಿಡೋಣ ಕಣೇ, ನಮ್ಮ ಗಂಟೇನು ಹೋಗುತ್ತೆ?" ಎಂದರು ಇವರು.

"ನೀರಿಗಿಳೀದೆ ಈಜು ಬರುತ್ತೇನ್ರೀ? ಕೌಂಟರ್ ಕೆಳಗೆ ಕೂರಿಸಿದ್ರೆ ಜನ ಅಂದ್ರೆ ಬರೀ ಕಾಲು ಅಂತ ತಿಳ್ಕೊಳ್ತಾಳೆ."

"ಈಜು ಬರ್ದಿರೋಳನ್ನ ನೀರಿಗೆ ತಳ್ಳೋದು ಬೇರೆ, ಇಳಿಸೋದು ಬೇರೆ."

"ಹಾಗಾದ್ರೆ ನಾನು ತಳ್ತಿದ್ದೀನಾ? ಹೆತ್ತ ತಾಯಿ ನಾನು!"

"ನಾನೇನು ದಾರಿಹೋಕನಾ?"

ಒಂದು ವಾರ ಹೀಗೇ ಕಳೆಯಿತು. ಅರ್ಜಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಕನ್ನಡಿಗೆ ಸಿಕ್ಕಿಸಿದ್ದೆ. ಇವರು ಅದನ್ನು ತಿರುಗಿಸಿಡುವರು, ನಾನು ಮತ್ತೆ ನೇರ ಮಾಡುವೆ. ಅತ್ತೆಯದು ಇನ್ನೊಂದು ದೂರು. ಅವರ ಮನೆ ಅಂಗಡಿಯ ಎದುರಿನ ಕಟ್ಟಡದ ಎರಡನೇ ಮಹಡಿ. ಬೆಳಿಗ್ಗೆ ನಾವು ಶಟರ್ ಎತ್ತುವಾಗ ಅವರು ಬಾಲ್ಕನಿಗೆ ಬಂದು ಮೊಮ್ಮಗಳಿಗೆ ಕೈ ಬೀಸುತ್ತಾರೆ. ಇವಳು ಒಂದು ದಿನವಾದರೂ ತಿರುಗಿ ಬೀಸಿದ್ದರೆ ಕೇಳಿ.

"ಬೀಸಿ ಬೀಸಿ ನನ್ನ ರಟ್ಟೆ ಬಿದ್ದು ಹೋಯ್ತು. ನಿನ್ನ ಮಗಳು ಕಣ್ಣೆತ್ತಿ ನೋಡಲ್ಲ. ಯಾರ ಜಂಬ ಬಂದಿದೆಯೋ!" ಎಂದು ಅತ್ತೆ ನನ್ನನ್ನೇ ನೋಡಿದರು.

"ಇನ್ಯಾರದ್ದು ಅತ್ತೆ, ನಿಮ್ಮ ವಂಶದ್ದೇ."

ಅತ್ತೆಗೆ ಮಾತಿಗೊಂದು ಗಾದೆ. "ಬೆಳೆಯೋ ಸಿರಿ ಮೊಳಕೆಯಲ್ಲಿ" ಎಂದು ಗೊಣಗಿಕೊಂಡು ಅಂಗಡಿಯ ಮೆಟ್ಟಿಲಿಳಿದರು. ನಾನು ಆ ಮಾತನ್ನು ಜೀರ್ಣಿಸಿಕೊಳ್ಳಲಾರದೆ ಇಡೀ ದಿನ ಒದ್ದಾಡಿದೆ.

ಯಾಕೆಂದರೆ ನನ್ನ ಭಯವೂ ಅದೇ ಆಗಿತ್ತು. ಇವರಿಗೂ ಹೇಳಿರಲಿಲ್ಲ. ನನ್ನ ಮಗು ಮಂದವೇ? ಕರೆದರೆ ಬರುವುದಿಲ್ಲ, ಎಸೆದರೆ ಹಿಡಿಯುವುದಿಲ್ಲ, ನಕ್ಕರೆ ನಗುವುದಿಲ್ಲ. ಪಕ್ಕದಲ್ಲಿ ಕೂತರೆ ಅರಳು ಹುರಿದಂತೆ ಮಾತು, ನಾಲ್ಕು ಜನ ಸೇರಿದರೆ ಮೂಕಿ. 'ಮುಂದಿನ ವರ್ಷ' ಎಂಬ ಚೌಕಕ್ಕೆ ಗುರುತು ಹಾಕಿದರೆ ಏನೋ ಕೊರತೆಯಿದೆ ಎಂದು ನನ್ನ ಕೈಯಾರೆ ಬರೆದುಕೊಟ್ಟಂತೆ. ಅದಕ್ಕೇ ಹಟ ಹಿಡಿದಿದ್ದೆ. ಶಾಲೆಗೆ ಹೋಗಿ ಎಲ್ಲರಂತೆ ಆಗಿಬಿಟ್ಟರೆ ನನ್ನ ಭಯ ಸುಳ್ಳಾಗುತ್ತದಲ್ಲ ಎಂಬ ಆಸೆ. ಪ್ರೀತಿಯೂ ಹೌದು, ಸ್ವಾರ್ಥವೂ ಹೌದು, ಮುಚ್ಚಿಡುವುದೇನು.

ಇವರ ಕಾರಣ ಎರಡನೇ ವಾರ ಹೊರಬಂತು. ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಲೆನ್ಸ್ ಉಜ್ಜುವ ಯಂತ್ರ ನಿಲ್ಲಿಸಿ, ನನ್ನ ಕಡೆ ನೋಡದೆ ಹೇಳಿದರು, "ನನ್ನನ್ನೂ ಬೇಗ ಹಾಕಿದ್ರು ಕಣೇ. ಕ್ಲಾಸಿಗೆಲ್ಲ ಚಿಕ್ಕೋನು ನಾನೇ. ಬಾತ್‌ರೂಮಿಗೆ ಹೋಗ್ಬೇಕು ಅಂತ ಹೇಳೋಕೂ ಧೈರ್ಯ ಇರ್ಲಿಲ್ಲ. ಒಂದು ವರ್ಷ ಒದ್ದೆ ಚಡ್ಡೀಲಿ ಕೂತಿದ್ದೀನಿ. ಅವಳಿಗೆ ಅದು ಬೇಡ."

ಅವರ ತಲೆಗೂದಲಲ್ಲಿ ಕೂತಿದ್ದ ಲೆನ್ಸಿನ ಪುಡಿ ಒರೆಸಿದೆ. ಆದರೆ ಅರ್ಜಿಯನ್ನು ಮಾತ್ರ ನೇರವಾಗಿಯೇ ಇಟ್ಟೆ.

ಮೂರನೇ ವಾರದ ಗುರುವಾರ ಬಂತು. ಮಾರನೇ ದಿನ ಅರ್ಜಿ ಕೊಡಬೇಕು. ಬೆಳಿಗ್ಗೆಯೇ ಒಂದು ಸುತ್ತು ಮಾತಿಗೆ ಮಾತು ಬೆಳೆದು, ಇವರು ಡಾಕ್ಟರ ಕ್ಲಿನಿಕ್ಕಿಗೆ ತಯಾರಾದ ಕನ್ನಡಕ ಕೊಡುವ ನೆಪದಲ್ಲಿ ತಪ್ಪಿಸಿಕೊಂಡರು. ನನಗೆ ಸಿಟ್ಟು ಬಂದರೆ ಕೈ ಸುಮ್ಮನಿರುವುದಿಲ್ಲ, ಗುಡಿಸಿ ಒರೆಸಿ ಅಂಗಡಿಯನ್ನೇ ಕಿತ್ತು ಕೂರಿಸುತ್ತೇನೆ. ಕಪಾಟಾಯಿತು, ಕನ್ನಡಿಯಾಯಿತು, ಕಡೆಗೆ ಕಣ್ಣು ಆ ಚಿತ್ರಗಳ ಚಾರ್ಟಿನ ಮೇಲೆ ಬಿತ್ತು. ಹಳೆಯದಾಗಿ ಬಣ್ಣ ಬಿಟ್ಟುಕೊಂಡಿತ್ತು, ಮೂಲೆಯಲ್ಲಿ ಚಹದ ಕಲೆ ಬೇರೆ. ಲೆನ್ಸಿನ ಪೆಟ್ಟಿಗೆಗಳ ಜೊತೆ ಹೊಸದೊಂದು ಚಾರ್ಟ್ ಬಂದು ತಿಂಗಳಾಗಿತ್ತು, ಸುತ್ತಿದ್ದನ್ನು ಬಿಚ್ಚಿರಲಿಲ್ಲ. ಹಳೆಯದನ್ನು ಕಿತ್ತು ಅದನ್ನು ತೂಗುಹಾಕಿದೆ.

ಅಷ್ಟರಲ್ಲಿ ಇಲಿಮರಿ ಕೌಂಟರಿನ ಕೆಳಗಿಂದ ಬಂದು ಬಾಗಿಲ ಬಳಿಯ ಕುರ್ಚಿ ಹತ್ತಿದಳು. ಅದು ಅವಳ ನಿತ್ಯದ ಆಟ. ಅಂಗೈಯಿಂದ ಎಡಗಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿಕೊಂಡು ಶುರುಮಾಡಿದಳು.

"ಮನೆ. ಕೊಡೆ, ಬಾತು. ಲೋಟ, ಚಂದ್ರ..."

"ಏಯ್ ಇಲಿಮರಿ, ಎಲ್ಲಿದೆಯೇ ಅಲ್ಲಿ ಮನೆ? ದೋಣಿ ಅಲ್ವಾ ಅದು?" ನಾನು ನಗುತ್ತಲೇ ಕೇಳಿದೆ.

"ಮನೆ."

"ಸರಿಯಾಗಿ ನೋಡು."

"ಮೊದಲ್ನೇದು ಮನೆ ಅಮ್ಮ. ಯಾವಾಗ್ಲೂ ಮನೆ." ಏನೂ ತಿಳಿಯದವಳಿಗೆ ಪಾಠ ಹೇಳುವ ದನಿ.

ನನ್ನ ಅಂಗೈಯಷ್ಟು ದೊಡ್ಡ ದೋಣಿ. ಹಾಯಿ ಇತ್ತು, ಹಾಯಿಗೆ ಪಟ್ಟೆ ಇತ್ತು. ನಾನು ಅದರ ಮೇಲೆ ಬೆರಳಿಟ್ಟು "ಇದೇನು?" ಎಂದೆ. ಅವಳು ಕುರ್ಚಿಯಿಂದಿಳಿದು ನಡೆದು ಬಂದಳು. ಬಂದಳು, ಇನ್ನೂ ಹತ್ತಿರ ಬಂದಳು, ನಾನು ಎತ್ತಿಕೊಂಡ ಮೇಲೆ ಮೂಗು ಹಾಳೆಗೆ ತಾಗುವಷ್ಟು ಬಾಗಿದಳು.

"ಅಯ್ಯೋ, ದೋಣಿ! ಯಾರು ಬದಲಾಯಿಸಿದ್ದು?"

ನಾನು ಬಾಗಿಲ ಕಡೆ ಬೆರಳು ತೋರಿಸಿ ಕೇಳಿದೆ, "ಕಂದಾ, ಆ ಕುರ್ಚೀಲಿ ಕೂತ್ರೆ ನಿನಗೆ ಇಲ್ಲೇನು ಕಾಣುತ್ತೆ?"

"ಬಿಳಿ."

"ಬಿಳಿ, ಮತ್ತೆ?"

"ಬಿಳಿ ಅಷ್ಟೇ." ನನ್ನ ಮುಖವನ್ನು ಹತ್ತಿರದಿಂದ ನೋಡಿ, ತಾನೇನೋ ತಪ್ಪು ಮಾಡಿದೆನೆಂದು ಅಳುಕಿ ಕೇಳಿದಳು, "ಕಾಣ್ಬೇಕಾ ಅಮ್ಮ? ಸುಮ್ನೆ ಹೇಳೋದಲ್ವಾ?"

ದಿನಕ್ಕೆ ನಾಲ್ಕು ಮಕ್ಕಳು ಆ ಕುರ್ಚಿಯಲ್ಲಿ ಕೂತು ಅದನ್ನೇ ಒಪ್ಪಿಸಿದ್ದನ್ನು ಅವಳು ಕೌಂಟರಿನ ಕೆಳಗಿಂದ ಕೇಳುತ್ತ ಬೆಳೆದವಳು. ಮಗ್ಗಿಯಂತೆ ಬಾಯಿಪಾಠವಾಗಿತ್ತು. ಹದ್ದಿನ ಕಣ್ಣು! ಬೇರೆ ಯಾರ ಮನೆಯಲ್ಲಿ ಹುಟ್ಟಿದ್ದರೂ ಆ ಮಗುವನ್ನು ಎಂದೋ ನಮ್ಮ ಅಂಗಡಿಗೆ ಕರೆದುಕೊಂಡು ಬರುತ್ತಿದ್ದರು. ನಮ್ಮ ಮನೆಯಲ್ಲಿ ಹುಟ್ಟಿದ ತಪ್ಪಿಗೆ ನಾಲ್ಕು ವರ್ಷ ಯಾರೂ ನೋಡಲಿಲ್ಲ. ಮೂಸುತ್ತಾಳೆ ಎಂದು ನಕ್ಕೆವು. ಹೆಸರನ್ನೂ ಇಟ್ಟೆವು. ಅವಳನ್ನು ಅವುಚಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಇವರು ಹಿಂತಿರುಗಿದಾಗ ನಾನು ಬಯ್ಯಬೇಕಿತ್ತು. ಬಾಯಿಂದ ಬಂದದ್ದು ಮಾತ್ರ "ಮಗಳನ್ನ ಕೂರ್ಸಿ ಚಾರ್ಟ್ ಓದ್ಸಿ" ಎಂಬುದೊಂದೇ.

"ಮತ್ತೆ ಯಾಕೆ? ಹದ್ದಿನ..." ಎನ್ನುತ್ತ ಗೋಡೆ ನೋಡಿದರು. ಹೊಸ ಚಾರ್ಟು. ಮಗಳನ್ನು ಕೂರಿಸಿದರು. ಅವಳು ಈ ಸಲ "ದೋಣಿ" ಎಂದಳು. ಅಷ್ಟು ನೋಡಿ ಬಂದಿದ್ದಳಲ್ಲ. ಎರಡನೇ ಸಾಲಿಗೆ ಬಂದಾಗ ಅಪ್ಪನ ಕಡೆ ತಿರುಗಿ, "ಗೊತ್ತಿಲ್ಲ ಅಪ್ಪ, ಇನ್ನೂ ಕಲ್ತಿಲ್ಲ" ಎಂದಳು.

ಅವರು ಬಾಗಿಲಿಗೆ 'ಮುಚ್ಚಿದೆ' ಹಲಗೆ ತಿರುಗಿಸಿದರು. ಬಿಡಿ ಲೆನ್ಸುಗಳ ಪೆಟ್ಟಿಗೆ ತಂದು, ಪರೀಕ್ಷೆಯ ದೊಡ್ಡ ಫ್ರೇಮನ್ನು ಅವಳ ಮೂಗಿನ ಮೇಲೆ ಕೂರಿಸಿದರು. ಅದು ಜಾರಿತು. ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಲ್ಲಿ ಲೆನ್ಸ್ ಬದಲಾಯಿಸುತ್ತ ಹೋದರು. ನಾನು ಆ ತುದಿಯಲ್ಲಿ ಚಾರ್ಟಿನ ಪಕ್ಕ ನಿಂತು ಬೆರಳಿಟ್ಟು ತೋರಿಸುತ್ತಿದ್ದೆ. ಪವರ್ ಎರಡು, ಮೂರು, ಮೂರೂವರೆ. ನಾಲ್ಕರ ಮೇಲೆ ಇನ್ನೊಂದು ತೆಳು ಲೆನ್ಸು ಸೇರಿಸಿದಾಗ ಅವಳು ಒಮ್ಮೆಗೇ ಉಸಿರು ಹಿಡಿದಳು. ಚಾರ್ಟಿನ ಕಡೆ ಅವಳು ನೋಡುತ್ತಿರಲಿಲ್ಲ.

"ಅಮ್ಮ," ಎಂದಳು, "ಅಲ್ಲಿ ನಿಂತ್ರೂ ನಿನಗೆ ಮುಖ ಇದೆ!"

ನಾನು ಬೆರಳು ದೋಣಿಯ ಮೇಲೇ ಇಟ್ಟುಕೊಂಡು ನಿಂತಿದ್ದೆ.

"ಮೂಗೂ ಇದೆ. ಯಾಕೆ ಅಳ್ತಿದ್ದೀಯ?"

ನಮ್ಮ ಅಂಗಡಿಯ ಉದ್ದ ಆರು ಹೆಜ್ಜೆ. ಆರು ಹೆಜ್ಜೆ ಆಚೆ ಹೋದರೆ ನಾಲ್ಕು ವರ್ಷ ನನ್ನ ಮಗಳಿಗೆ ತಾಯಿಯ ಮುಖವಿರಲಿಲ್ಲ. ಜನರ ಮುಖ ಹತ್ತಿರ ಬಂದಾಗ ಮಾತ್ರ ಹುಟ್ಟುತ್ತದೆ, ದೂರ ಹೋದರೆ ಅಳಿಸಿ ಹೋಗುತ್ತದೆ, ಲೋಕದ ರೀತಿಯೇ ಹಾಗೆ ಎಂದುಕೊಂಡಿತ್ತು ಮಗು. ಟೀಚರಿಗೆ ಮುಖವಿಲ್ಲ ಎಂದು ಮೂರು ವಾರದ ಹಿಂದೆಯೇ ಬಿಡಿಸಿ ಹೇಳಿತ್ತು. ನಮ್ಮ ಮನೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದವಳು ಅವಳೊಬ್ಬಳೇ.

ಮಾರನೇ ದಿನ ಶಾಲೆಗೆ ಫೋನು ಮಾಡಿ ಸೋಮವಾರದವರೆಗೆ ಗಡುವು ಕೇಳಿಕೊಂಡು ಡಾಕ್ಟರ ಹತ್ತಿರ ಹೋದೆವು. ಕಣ್ಣಿಗೆ ಹನಿ ಹಾಕಿ ನೋಡಿದರು. ಮೈನಸ್ ನಾಲ್ಕೂವರೆ, ಎರಡೂ ಕಣ್ಣು. ಬೇರೆ ದೋಷವಿಲ್ಲ, ಕನ್ನಡಕ ಸಾಕು ಎಂದರು. "ಮಗು ಚುರುಕಾಗಿದೆ. ಇಷ್ಟು ಮಬ್ಬಲ್ಲಿ ಇಷ್ಟು ಕಲಿಯೋದು ಸುಲಭ ಅಲ್ಲ" ಎಂದು ಚೀಟಿ ಬರೆದು, ಎಂದಿನಂತೆ ನಮ್ಮ ಅಂಗಡಿಯ ಹೆಸರು ಹೇಳಲು ಬಾಯಿ ತೆರೆದವರು ಕೆಮ್ಮಿ ಸುಮ್ಮನಾದರು. ಒಳ್ಳೆಯ ಮನುಷ್ಯ.

ಶನಿವಾರ ಇವರು ಲೆನ್ಸ್ ಉಜ್ಜಲು ಕೂತರು. ಹದಿಮೂರು ವರ್ಷದಲ್ಲಿ ಮೊದಲ ಸಲ ಒಂದು ಲೆನ್ಸಿನ ಅಂಚು ಮುರಿದರು. ಆಮೇಲೆ ಇನ್ನೊಂದು. "ಹೆತ್ತ ಮಗಳ ಕಣ್ಣು ಕಾಣ್ಲಿಲ್ಲ ನನಗೆ, ಊರೋರ ಕಣ್ಣು ನೋಡೋಕೆ ಕೂತಿದ್ದೀನಿ" ಎಂದರು. ಬೇರೆ ದಿನವಾಗಿದ್ದರೆ ನಾನು ಗಾಯಕ್ಕೆ ಉಪ್ಪು ಸವರುತ್ತಿದ್ದೆನೋ ಏನೋ. ಅಂದು ಪಕ್ಕದಲ್ಲಿ ಕೂತು ಅವರ ಮೊಣಕೈ ಹಿಡಿದುಕೊಂಡೆ. "ನನಗೆ ಮಾತ್ರ ಕಂಡಿತ್ತಾ?" ಎಂದೆ. ಮೂರನೆಯದು ಸರಿಯಾಗಿ ಬಂತು. ಆ ಪುಟ್ಟ ಫ್ರೇಮಿನ ಸ್ಕ್ರೂಗಳನ್ನು ಇಲಿಮರಿಯೇ ಮೂಗಿಗೆ ಹಿಡಿದು ಆರಿಸಿ ಕೊಟ್ಟಳು.

ಭಾನುವಾರ ಬೆಳಿಗ್ಗೆ ಅಂಗಡಿ ಗುಡಿಸಲೆಂದು ಶಟರ್ ಎತ್ತುವಾಗ ಅವಳು ರಸ್ತೆಯಾಚೆ ತಲೆಯೆತ್ತಿ ನೋಡಿದಳು. "ಅಪ್ಪ, ಅಲ್ಲಿ ಮೇಲೆ ಒಂದು ಅಜ್ಜಿ ಇದೆ. ನಮ್ಮಜ್ಜಿ ಥರಾನೇ!" ಎಂದು ಕೈ ಬೀಸಿದಳು. ಅತ್ತೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗಿಳಿದು ಬಂದರು. ವಿಷಯ ಕೇಳಿ ಮೊಮ್ಮಗಳ ಕೆನ್ನೆ ಹಿಡಿದುಕೊಂಡು ಕಣ್ಣೊರೆಸಿಕೊಂಡರೇ ಹೊರತು ಗಾದೆ ಹೇಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ನಾನೇ ಮನಸ್ಸಿನಲ್ಲಿ ಹೇಳಿಕೊಂಡೆ.

ಅರ್ಜಿ ಮಾತ್ರ ಇನ್ನೂ ಕನ್ನಡಿಯಲ್ಲೇ ಇತ್ತು. ವಿಚಿತ್ರ ನೋಡಿ, ಈಗ ಇಬ್ಬರೂ ಪಕ್ಷ ಬದಲಾಯಿಸಿಕೊಂಡಿದ್ದೆವು.

"ಇನ್ನೇನು ಅಡ್ಡಿ? ಈ ವರ್ಷವೇ ಕಳ್ಸೋಣ" ಎಂದರು ಇವರು.

"ಬೇಡ," ಎಂದೆ ನಾನು. "ನಾಲ್ಕು ವರ್ಷ ಅವಳಿಗೆ ನಾನು ಅರ್ಧಂಬರ್ಧ ಅಮ್ಮ. ಒಂದು ವರ್ಷ ನನ್ನನ್ನ ಪೂರ್ತಿ ನೋಡ್ಲಿ. ಬೀದಿ ನೋಡ್ಲಿ, ಹಕ್ಕಿ ನೋಡ್ಲಿ, ನನ್ನ ಜೊತೆ ನೋಡ್ಲಿ. ಒಂದು ವರ್ಷ ನನಗೆ ಕೊಡಿ."

ಇವರು ಕನ್ನಡಿಯಿಂದ ಅರ್ಜಿ ತೆಗೆದು ನನ್ನ ಮುಂದಿಟ್ಟರು. ನನ್ನ ದನಿ ಹಾಗಿತ್ತೇನೋ. ಕೌಂಟರಿನ ಕೆಳಗಿಂದ ಕನ್ನಡಕದ ಪುಟ್ಟ ಮುಖವೊಂದು ಹೊರಬಂತು. "ಆ ಟೀಚರ್‌ಗೆ ಈಗ ಮುಖ ಇದೆಯಾ ಅಂತ ನೋಡ್ಕೊಂಡು ಬರೋಣ್ವಾ?"

ಹಾಗಾಗಿ ಸೋಮವಾರ ಖಾಲಿ ಅರ್ಜಿ ಹಿಡಿದುಕೊಂಡೇ ಹೋದೆವು. ಅದೇ ಹಾಲ್, ಅದೇ ಮರದ ನೆಲ, ಆ ತುದಿಯಲ್ಲಿ ಅದೇ ಟೀಚರ್, ಇಂದು ನೀಲಿ ಅಂಗಿ. ಇಲಿಮರಿ ಹೊಸ್ತಿಲಲ್ಲಿ ನಿಂತಳು. ಒಂದು ಕೈಯಲ್ಲಿ ನನ್ನ ಕೋಟಿನ ಚುಂಗು ಬಿಗಿಯಾಗಿತ್ತು, ಇನ್ನೊಂದರಿಂದ ಕನ್ನಡಕ ಮೇಲೆ ತಳ್ಳಿಕೊಂಡಳು. ಬಹಳ ಹೊತ್ತು ನೋಡಿದಳು. ಟೀಚರ್ ಅಲ್ಲಿಂದಲೇ ನಕ್ಕರು. ಇವಳೂ ನಕ್ಕಳು. ಇಷ್ಟು ದೂರದ ನಗೆಗೆ ನನ್ನ ಮಗಳು ಮರುನಗೆ ಕೊಟ್ಟದ್ದನ್ನು ನಾನು ಕಂಡಿರಲೇ ಇಲ್ಲ.

"ಇದೆ ಅಮ್ಮ," ಎಂದಳು. "ಮುಖ ಇದೆ. ಚೆನ್ನಾಗೂ ಇದೆ."

ಕೋಟಿನ ಮೇಲಿದ್ದ ಹಿಡಿತ ಸಡಿಲವಾಯಿತು. ತಿರುಗಿ ನೋಡುವಷ್ಟರಲ್ಲಿ ಅವಳು ಹಾಲ್‌ನ ನಡುವೆ ನಡೆದುಹೋಗುತ್ತಿದ್ದಳು. ಅರ್ಧ ದಾರಿಯಲ್ಲಿ ನಿಂತು ನನ್ನತ್ತ ತಿರುಗಿ, "ನೀನು ಅಲ್ಲೇ ಇರು, ಕಾಣ್ತೀಯ" ಎಂದು ಮುಂದೆ ಹೋದಳು.

ಇವರು ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗಿಟ್ಟರು. ನಾನು ಅರ್ಜಿಯನ್ನು ಗೋಡೆಗೆ ಒತ್ತಿ ಹಿಡಿದು 'ಈ ವರ್ಷ' ಎಂಬ ಚೌಕಕ್ಕೆ ಗುರುತು ಹಾಕಿದೆ. ನನಗೆ ಬೇಕಾಗಿದ್ದ ಒಂದು ವರ್ಷ ಅಲ್ಲಿಗೆ ಮುಗಿಯಿತು. ಆದರೆ ನಾನು ಬೇಕೆಂದದ್ದು ಅವಳು ನನ್ನನ್ನು ನೋಡಲಿ ಎಂದಲ್ಲವೇ? ಅದು ಇಷ್ಟು ದೂರದಿಂದಲೂ ಆಗುತ್ತದೆ ಎಂದು ಅವಳೇ ಹೇಳಿದ್ದಳು.

ಒಂದು ಗಂಟೆ ಬಿಟ್ಟು ಬನ್ನಿ, ರೂಢಿಯಾಗಲಿ ಎಂದರು ಟೀಚರ್. ನಾವು ರಸ್ತೆ ದಾಟಿ ಎದುರಿನ ಫುಟ್‌ಪಾತಿನಲ್ಲಿ ನಿಂತೆವು. ಹೋಗಲು ಕಾಲು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಶಾಲೆಯ ಕಿಟಕಿಯಲ್ಲಿ ಎರಡು ಪುಟ್ಟ ಗಾಜು ಫಳಫಳ ಎಂದವು. ಆಮೇಲೆ ಒಂದು ಕೈ ಮೇಲೆದ್ದಿತು. ನಾವು ಬೀಸುವ ಮೊದಲೇ ಅವಳು ಬೀಸಿದಳು. ಕನ್ನಡಕದಂಗಡಿಯವಳು ನಾನು, ಆ ಹೊತ್ತಿಗೆ ನನಗೇ ಎಲ್ಲ ಮಂಜಾಗಿ ಏನೂ ಕಾಣಲಿಲ್ಲ.

"ನೋಡಿದ್ಯಾ? ನನಗೆ ಬೀಸಿದ್ಲು" ಎಂದರು ಇವರು, ಮೂಗೊರೆಸಿಕೊಳ್ಳುತ್ತ.

"ನಿಮಗೆ ಯಾಕ್ರೀ ಬೀಸ್ತಾಳೆ? ನನಗೆ ಬೀಸಿದ್ದು."

"ಸರಿಯಾಗಿ ನೋಡು, ನನ್ನ ಕಡೆ ಕೈ ಇತ್ತು."

"ನಿಮ್ಮ ಕಣ್ಣಿನ ವಿಷ್ಯ ನನ್ನ ಹತ್ರ ಹೇಳ್ಬೇಡಿ!"

ಅಂಗಡಿ ತಲುಪುವವರೆಗೂ ಇದೇ ಜಗಳವಾಡಿದೆವು. ಇಬ್ಬರಿಗೂ ಸೋಲಲು ಮನಸ್ಸಿರಲಿಲ್ಲ.